ಪೋಸ್ಟರಿಗೆ ಬಿದ್ದ ನಗು

ಬಸ್ ನಿಲ್ದಾಣದ ಗೋಡೆಯ ಮೇಲೆ ತನ್ನದೇ ಮುಖ ಆಳೆತ್ತರಕ್ಕೆ ನಗುತ್ತಿರುವುದನ್ನು ಕಂಡು ದೋಣಿಯವಳಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಕೆಳಗೆ ದಪ್ಪ ಅಕ್ಷರ: 'ಹಳೆಯ ನದಿದಾರಿಗೆ ಬನ್ನಿ. ನಿಮಗಾಗಿ ಕಾಯುತ್ತಿದ್ದಾಳೆ!'

ಈ ವಾರ ದೋಣಿ ಹತ್ತಿದ ಅಪರಿಚಿತರೆಲ್ಲ "ಒಂದ್ಸಲ ನಗಮ್ಮಾ" ಎಂದು ಯಾಕೆ ಪೀಡಿಸಿದರೆಂದು ಈಗ ತಿಳಿಯಿತು. ಒಬ್ಬನಂತೂ ಗದ್ದಕ್ಕೇ ಕೈ ಹಾಕಿದ್ದ. ಅವಳು ಹುಟ್ಟು ಎತ್ತಿದ ಮೇಲೆ ಬಾಲ ಮುದುರಿ ಕೂತಿದ್ದ.

ಕಾಯುತ್ತಿದ್ದದ್ದೇನೋ ನಿಜ. ಆದರೆ ಊರಿನವರಿಗೆಲ್ಲ ಅಲ್ಲ. ಆ ದಾರಿಯ ಫೋಟೋ ತೆಗೆಯಲು ಪ್ರವಾಸೋದ್ಯಮ ಇಲಾಖೆಯಿಂದ ಬಂದಿದ್ದ ಫೋಟೋಗ್ರಾಫರಿಗೆ. ಆಚೆ ದಡದಲ್ಲಿ ಕೆಲಸವಿಲ್ಲದಿದ್ದರೂ ಅವನು ದಿನಾ ನದಿ ದಾಟುತ್ತಿದ್ದ. "ಮತ್ತೆ ಏನು ಮರೆತು ಬಂದ್ರಿ?" ಎಂದು ಅವಳು ಕೆಣಕಿದರೆ, "ವಾಪಸ್ ಹೋಗೋದನ್ನ" ಎಂದು ಓರೆಗಣ್ಣಿನಲ್ಲಿ ನೋಡುತ್ತಿದ್ದ. ಹುಟ್ಟು ಹಾಕುವುದನ್ನೂ ಮರೆತು ಅವಳು ನಕ್ಕದ್ದು ಆಗಲೇ, ಅವನ ಕ್ಯಾಮೆರಾ ಕ್ಲಿಕ್ಕೆಂದದ್ದೂ ಆಗಲೇ.

ಪೋಸ್ಟರನ್ನು ಪರಪರ ಹರಿದು, ಉಂಡೆ ಮಾಡಿ ಹಿಡಿದುಕೊಂಡು ನೇರ ಇಲಾಖೆಯ ಮೆಟ್ಟಿಲು ಹತ್ತಿದಳು.

ಅವಳನ್ನು ಕಂಡು ಅವನ ಮುಖ ಅರಳಿತು. ಕಾಗದದ ಉಂಡೆ ಎದೆಗೆ ಬಡಿದಾಗ ಬಾಡಿತು.

"ನನ್ನ ಕೇಳಿದ್ರಾ?"

"ಇಲ್ಲ. ತೆಗೆದಿದ್ರಲ್ಲಿ ಅದೇ ಚೆನ್ನಾಗಿತ್ತು ಅಂತ..."

"ಚೆನ್ನಾಗಿತ್ತಾ? ಬಂದವರೆಲ್ಲ ಮೈಮೇಲೆ ಬೀಳ್ತಿದಾರೆ. ನನ್ನ ದೋಣೀಲಿ ನಾನೇ ತಲೆ ತಗ್ಗಿಸಿ ಕೂತಿದೀನಿ!"

"ಹೀಗಾಗುತ್ತೆ ಅಂತ ನಂಗೆ ಹೊಳೀಲಿಲ್ಲ."

"ಹೊಳೀಬೇಕಿತ್ತು! ಆ ನಗು ನಿನಗೆ ಕೊಟ್ಟಿದ್ದು ಕಣೋ. ಊರಿಗೆ ಹಂಚೋಕಲ್ಲ."

ಸುತ್ತಲಿನ ಮೇಜುಗಳಲ್ಲಿ ಟೈಪಿಂಗ್ ಗಪ್ಪೆಂದು ನಿಂತಿತು. 'ನೀವು' ಹೋಗಿ 'ನೀನು' ಆದದ್ದು, ಮನಸ್ಸಿನ ಮಾತು ಬಾಯಿಗೆ ಬಂದದ್ದು, ಎರಡೂ ಅವಳಿಗೆ ಒಟ್ಟಿಗೇ ಅರಿವಾದವು. ಇನ್ನಷ್ಟು ಸಿಟ್ಟು ಬಂತು, ಈ ಸಲ ತನ್ನ ಮೇಲೆಯೇ. ಧಡಧಡ ಮೆಟ್ಟಿಲಿಳಿದಳು.

ಮರುದಿನ ಸಂಜೆ ಅವನು ನದಿ ದಡದಲ್ಲಿ ನಿಂತಿದ್ದ. ಬೆರಳುಗಳಲ್ಲಿ ಒಣಗಿದ ಅಂಟು, ಅಂಗಿಯ ತುಂಬ ಧೂಳು.

"ದಾರಿಯುದ್ದಕ್ಕೂ ಹೋಗಿ ಪೋಸ್ಟರೆಲ್ಲಾ ಕಿತ್ತೆ. ಸಾಹೇಬರು ಕೂಗಾಡಿದ್ರು. ಇನ್ನು ಮೇಲೆ ಫೋಟೋದಲ್ಲಿ ಬರೀ ನದಿ, ದಾರಿ, ಮರ ಅಂದೆ."

"ನೀನು ಬಂದಿದ್ದು ದಾರಿಗೋ, ನನಗೋ?"

"ಮೊದಲ್ನೇ ದಿನ ದಾರಿಗೆ." ಅವನು ತಲೆಯೆತ್ತಿದ. "ಆಮೇಲೆ ದಾರಿ ಕಣ್ಣಿಗೇ ಬೀಳಲಿಲ್ಲ."

ಅವಳ ತುಟಿಯಂಚು ಅದುರಿತು. ಹಲ್ಲು ಕಚ್ಚಿ ನಗು ತಡೆದಳು.

"ನನ್ನ ಸಿಟ್ಟು ಇಳಿದಿಲ್ಲ."

"ಯಾವಾಗ ಇಳಿಯುತ್ತೆ?"

ಅವಳು ಹಗ್ಗ ಬಿಚ್ಚಿ, ದೋಣಿಯಲ್ಲಿ ಅವನಿಗೆ ಜಾಗ ಬಿಟ್ಟು ಸರಿದು ಕೂತಳು.

"ದಿನಾ ಬಂದು ನೋಡ್ತಾ ಇರು."