ಕಾರಣ: ಕೆಲಸ

“ಕಾರಣ ಅನ್ನೂ ಕಡೆ ಬರೇ ‘ಕೆಲಸ’ ಅಂತ ಬರದ್ರ ನಡಿಯಂಗಿಲ್ರೀ, ಸಾಗರ ಸರ್.”

ಅನ್ನಪೂರ್ಣಾ ಚಲನವಲನ ಪುಸ್ತಕವನ್ನು ಅವನ ಮುಂದೆ ತಳ್ಳಿದಳು. ಹಳಿಯಾಳದ ಆ ಸಂಸ್ಥೆಯಲ್ಲಿ ಮಹಿಳಾ ಸಂಘಗಳನ್ನು ನೋಡಿಕೊಳ್ಳುವವರು ಯಾವ ಊರಿಗೆ, ಯಾಕೆ ಹೋಗುತ್ತೇವೆಂದು ಬರೆದೇ ಹೊರಡಬೇಕು. ಪುಸ್ತಕ ಇವಳ ವಶದಲ್ಲಿತ್ತು.

“ಕೆಲಸಾನ ಐತ್ರಿ ಮೇಡಂ,” ಎಂದ ಸಾಗರ ಅವಳ ಮುಖ ನೋಡದೆ ಬೈಕ್ ಹತ್ತಿ ಹೋಗೇಬಿಟ್ಟ.

ಇದು ನಾಲ್ಕನೇ ಗುರುವಾರ. ನಾಲ್ಕೂ ಸಲ ಒಂದೇ ಊರು, ಗರ್ಡೊಳ್ಳಿ! ಅಲ್ಲಿ ಹಳೇ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುವ ಸಂಘದ ಅಧ್ಯಕ್ಷೆ ಅಗ್ನೆಸ್. ಸಿದ್ದಿ ಹುಡುಗಿ, ಅವಳು ನಕ್ಕರೆ ಎದುರಿದ್ದವರೂ ನಗಬೇಕು, ಅಷ್ಟು ಚೆಂದ. ಅವಳ ಮೇಲೆ ಸಿಟ್ಟಾಗಲು ಅನ್ನಪೂರ್ಣಾಗೆ ಒಂದು ತಪ್ಪೂ ಸಿಗಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ನನಗೇನು? ಅವನೇನು ನನ್ನವನೇ?...

ಎರಡು ವರ್ಷದಿಂದ ಮನಸ್ಸಿನ ಮಾತು ಬಾಯಿಗೆ ಬಂದಿರಲಿಲ್ಲ, ಈಗ ಗುರುವಾರ ಬಂದರೆ ಹೊಟ್ಟೆ ಮಾತ್ರ ತಪ್ಪದೆ ಉರಿಯುತ್ತಿತ್ತು. ಮುಂಡಗೋಡದ ಶಾಖೆಗೆ ವರ್ಗ ಕೇಳಿ ಬರೆದ ಅರ್ಜಿ ಬ್ಯಾಗಿನಲ್ಲಿತ್ತು. ನಾಳೆ ಕೊಟ್ಟರೆ ಇವನ ಮುಖ ನೋಡುವ ಗೋಜೇ ಇಲ್ಲ.

ಕೊಡುವ ಮುಂಚೆ ಒಮ್ಮೆ ಕಣ್ಣಾರೆ ನೋಡಿಬಿಡಬೇಕು ಎನಿಸಿತು. ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ತಾನೂ ‘ಕೆಲಸ’ ಎಂದೇ ಬರೆದು ಬಸ್ ಹತ್ತಿದಳು.

ಅಗ್ನೆಸ್ ಮನೆಯ ಅಂಗಳದಲ್ಲಿ ಕೌದಿ ಹಾಸಿತ್ತು. ಈ ಅಂಚಿಗೆ ಅಗ್ನೆಸ್, ಆ ಅಂಚಿಗೆ ಸಾಗರ. ನಡುವಿನ ತುಂಡು ನೋಡಿ ಅನ್ನಪೂರ್ಣಾ ನಿಂತಲ್ಲೇ ನಿಂತಳು. ನೀಲಿ ಚೌಕಳಿ... ಅವನ ಅಂಗಿ! ತಾನು ಅಷ್ಟು ಇಷ್ಟಪಟ್ಟಿದ್ದ ಅಂಗಿಯನ್ನು ಕತ್ತರಿಸಿ ಇವಳ ಕೈಗೆ ಕೊಟ್ಟಿದ್ದಾನೆ.

“ಕೆಲಸ ಭಾಳ ಚಲೋ ನಡದೈತ್ರಿ ಸರ್,” ಎಂದಳು ಅನ್ನಪೂರ್ಣಾ. “ನಾ ಮುಂಡಗೋಡಕ್ಕ ಹೊಂಟೇನಿ. ಇನ್ನ ಪುಸ್ತಕದಾಗ ಏನ್ ಬೇಕಾದ್ದು ಬರಕೋರಿ.”

ಸಾಗರನ ಬೆರಳಿಗೆ ಸೂಜಿ ಚುಚ್ಚಿತು.

ಅಗ್ನೆಸ್ ನಕ್ಕಳು. “ಹೋಗೂದಾದ್ರ ಹೋಗ್ರಿ ಅಕ್ಕಾರ. ಅದರ ಬಾಜೂಕಿನ ತುಂಡ ಒಮ್ಮೆ ನೋಡ್ರಿ.”

ನೀಲಿ ಅಂಗಿಗೆ ಒತ್ತಿಕೊಂಡು ಹಳದಿ ಬಟ್ಟೆ. ಬಾಗಿಲ ಮೊಳೆಗೆ ಸಿಕ್ಕಿ ಹರಿದಿದ್ದ ಅವಳದೇ ವೇಲು! ಕೌದಿಗೆಂದು ಹಳೇ ಬಟ್ಟೆ ಕೂಡಿಸುವ ಆಫೀಸಿನ ಚೀಲಕ್ಕೆ ಅವಳೇ ಹಾಕಿದ್ದಳು.

“ಎರಡೂ ಕೂಡಿಸಿ ಹೊಲದು ಕೊಡು ಅಂದ್ರು ಇವ್ರು. ಮನಸ ನಿಮ್ದು, ಹೊಲಿಗಿ ಯಾಕ ನನ್ದು? ನೀವ ಹೊಲೀರಿ ಅಂದೆ. ಗುರುವಾರಕ್ಕ ಒಂದ ಸಾಲು. ಅದೂ ಸೊಟ್ಟ.”

ಅಷ್ಟು ಹೇಳಿ ಅಗ್ನೆಸ್ ಚಹಾ ಮಾಡಲು ಒಳಗೆ ಹೋದಳು. ಬೇಗ ಬರುವ ಅವಸರ ಅವಳಿಗಿರಲಿಲ್ಲ.

“ಮುಗದ ಮ್ಯಾಲೆ ಹೇಳೂಣು ಅಂತಿದ್ದೆ...” ಸಾಗರ ತಲೆ ತಗ್ಗಿಸಿದ. “ಖರೇನ ಹೊಂಟೀರೇನ್ರಿ?”

ಅನ್ನಪೂರ್ಣಾ ಅರ್ಜಿ ತೆಗೆದು ನಾಲ್ಕು ತುಂಡು ಮಾಡಿದಳು. ಅವನ ಎದುರಿಗೆ ಕೂತು ಕೈ ಚಾಚಿದಳು. ಕಣ್ಣು ತುಂಬಿತ್ತು.

“ಸೂಜಿ ಇಲ್ಲೆ ಕೊಡ್ರಿ. ನೀವು ಹೊಲದ್ರ ಯಾವಾಗ ಮುಗೀಬೇಕು ಇದು?”

ಮುಂದಿನ ಗುರುವಾರ ಸಾಗರ ಪುಸ್ತಕ ಬರೆದು ಅವಳ ಮುಂದಿಟ್ಟ. ಊರು: ಗರ್ಡೊಳ್ಳಿ. ಕಾರಣ: ಅನ್ನಪೂರ್ಣಾ.

“ಇದು ನಡೀತೈತೇನ್ರೀ, ಮೇಡಂ?”

“ಕಾರಣ ನಡೀತೈತಿ,” ಎಂದಳು, ಕೆಳಗೆ ತನ್ನ ಹೆಸರನ್ನೂ ಬರೆಯುತ್ತಾ. “ಮೇಡಂ ಅನ್ನೂದು ನಡಿಯಂಗಿಲ್ಲ.”