‘ತವರು’ ಅನ್ನೋ ಟ್ಯಾಗ್

“ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮ್ಗೆ?”

ಪಿರಿಯಾಪಟ್ಟಣದ ಆ ಪುಟ್ಟ ಆಫೀಸಿನಲ್ಲಿ ಬೃಂದಾಳ ದನಿ ನಡುಗಿತು. ಕಂಪ್ಯೂಟರ್ ಮುಂದೆ ಕುಳಿತಿದ್ದ ಉಮಾಶಂಕರ ತಬ್ಬಿಬ್ಬಾದ.

ಸುತ್ತಲಿನ ಹಳ್ಳಿಗಳ ನಾಟಿ ಬೀಜಗಳ ಬಗ್ಗೆ ಇಬ್ಬರೂ ಸೇರಿ ವೆಬ್‌ಸೈಟ್ ಕಟ್ಟುತ್ತಿದ್ದರು. ಮದುವೆಯಾಗಿ ಬಂದ ಹೆಣ್ಣಿನ ಸೆರಗಿನಲ್ಲಿ ಬಂದ ಬೀಜವಾದರೆ, ಅದರ ಪುಟವನ್ನು ಮೂಲ ಊರಿನ ಪುಟಕ್ಕೆ ಜೋಡಿಸಲು ಬೃಂದಾ ‘ತವರು’ ಎಂಬ ಟ್ಯಾಗನ್ನೇ ಮಾಡಿದ್ದಳು. ಕೊಂಡು ತಂದದ್ದಕ್ಕೆ ‘ಸಂತೆ’. ಉಮಾಶಂಕರ ಅವನ್ನೆಲ್ಲ ಅಳಿಸಿ, ಎಲ್ಲ ಕಡೆ ನಡೆಯುವ ಸ್ಟ್ಯಾಂಡರ್ಡ್ ಪ್ರಕಾರ ಬರೀ ‘ಲಿಂಕ್’ ಮಾಡಿಬಿಟ್ಟಿದ್ದ!

“ಬೇರೆ ಸೈಟ್‌ಗಳೂ ಓದ್ಬೇಕು ಅಂದ್ರೆ ಎಲ್ಲಕ್ಕೂ ಒಂದೇ ನಿಯಮ ಬೇಕು ಕಣ್ರೀ. ನಿಮ್ಮ ‘ತವರು’ ಅವಕ್ಕೆ ಅರ್ಥ ಆಗಲ್ಲ.”

“ಅವರೆ ಬೀಜ ಕೊಟ್ಟ ಕುಳ್ಳಮ್ಮಂಗೆ ಅರ್ಥ ಆಗ್ತಿತ್ತಲ್ಲ! ಬೆಟ್ಟದಪುರದಿಂದ ಫೋನ್ ಮಾಡಿ ಅತ್ತುಬಿಟ್ರು. ‘ನಮ್ಮವ್ವ ಸೆರಗಿಗೆ ಕಟ್ಟಿ ಕಳ್ಸಿದ ಅವರೆ ಕಣವ್ವಾ ಅದು, ಸಂತೇಲಿ ತಂದಂಗೆ ಮಾಡ್ಬುಟ್ರಲ್ಲ’ ಅಂತ.”

ಅವನು ಕುಳ್ಳಮ್ಮನ ಅವರೆಯ ಪುಟ ತೆರೆದ.

ಭಾನುವಾರ ಇವನ ತಾಯಿ ಸುನಂದಮ್ಮ ಹೆಣ್ಣು ಕೇಳಲು ಬೃಂದಾಳ ಮನೆಗೆ ಬರುವವರಿದ್ದರು. ಆ ಸುದ್ದಿಯೂ ಬೃಂದಾಳಿಗೆ ತಿಳಿದದ್ದು ಅಪ್ಪನ ಬಾಯಿಂದಲೇ! ಇವನೆಂದರೆ ಅವಳಿಗೆ ಪ್ರಾಣ... ಆದರೆ ಕೇಳದೆಯೇ ಅಳಿಸುವವನ ಜೊತೆ ಬಾಳುವುದು ಹೇಗೆ?

“ನಿಮ್ಮಮ್ಮಂಗೆ ಬರೋದು ಬೇಡ ಅಂತ ಹೇಳ್ಬಿಡಿ,” ಎಂದು ಕಣ್ಣೊರೆಸಿಕೊಳ್ಳುತ್ತಾ ಹೊರಟೇಬಿಟ್ಟಳು.

ಶನಿವಾರ ಕ್ಷಮೆ ಕೇಳಲೆಂದು ಬೃಂದಾ ಕುಳ್ಳಮ್ಮನ ಮನೆಗೆ ಹೋದರೆ, ಜಗಲಿಯ ಮೇಲೆ ಉಮಾಶಂಕರ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದಾನೆ!

“ಬಾ ಮಗಾ,” ಎಂದರು ಕುಳ್ಳಮ್ಮ. “ನಾ ಹುಟ್ಟಿದ ಆರನಳ್ಳಿ ಮತ್ತೆ ತವರಾಯ್ತು ಕಣ. ಬೆಳಿಗ್ಗೇನೇ ಬಂದು ತೋರ್ಸ್ದ.” ಇಬ್ಬರ ಮುಖವನ್ನೂ ನೋಡಿ, ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದರು.

“ಸ್ಟ್ಯಾಂಡರ್ಡ್ ಲಿಂಕೂ ಪಕ್ಕದಲ್ಲಿದೆ. ಬೇಕಾದೋರು ಬಳಸ್ಲಿ,” ಎಂದ ಉಮಾಶಂಕರ ಮೆಲ್ಲಗೆ. “ಒಂದೇ ನಿಯಮ ಎಲ್ಲರ ಮೇಲೂ ಹೇರ್ಬಾರ್ದಿತ್ತು. ಮದ್ವೆ ವಿಷ್ಯನೂ ಅಷ್ಟೇ... ಹಿರಿಯರನ್ನ ಕಳ್ಸೋದೇ ಪದ್ಧತಿ ಅಂದ್ಕೊಂಡು ನಿಮ್ಮನ್ನ ಕೇಳ್ಲೇ ಇಲ್ಲ.”

“ಈಗ ಕೇಳಿ.”

“ನನ್ನ ಮದ್ವೆ ಆಗ್ತೀರಾ, ಬೃಂದಾ?”

ಅವಳು ಕೇಳಲು ಕಾದಿದ್ದ ಮಾತೇ ಅದು. ಆದರೂ ಸುಮ್ಮನೆ ಒಪ್ಪಲು ಮನಸ್ಸಾಗಲಿಲ್ಲ.

“ಆಗಲ್ಲ ಅಂದ್ರೆ? ಮತ್ತೆ ‘ತವರು’ ಅಳಿಸ್ಬಿಡ್ತೀರಾ?”

“ಇಲ್ಲ,” ಅವನೆಂದ. “ಅದು ನಿಮ್ಮನ್ನ ಒಪ್ಪಿಸೋಕೆ ಹಾಕಿದ್ದಲ್ಲ. ಅವರೆ ಬಂದಿದ್ದು ಕುಳ್ಳಮ್ಮನ ತವರಿಂದಾನೇ ಅಲ್ವಾ.”

ಬೃಂದಾ ಅವನ ಪಕ್ಕದಲ್ಲಿ ಕುಳಿತು, ಒಂದು ಹಿಡಿ ಕಾಯಿ ತನ್ನ ಕಡೆ ಎಳೆದುಕೊಂಡಳು.

“ಹಾಗಾದ್ರೆ ಆಗ್ತೀನಿ.”