ಹರವಿಯೊಳಗಿನ ಗೊಂಬೆ

ತಂಬಿಗೆಗೆ ಏನೋ ಮೆತ್ತಗೆ ತಾಕಿತು.

ರೇಣುಕಾ ಕುಡಿಯುವ ನೀರಿನ ಮಣ್ಣಿನ ಹರವಿಯೊಳಗೆ ಬಗ್ಗಿ ನೋಡಿದಳು. ನೋಡಿದವಳ ಕೈಯಿಂದ ತಂಬಿಗೆ ಜಾರಿ ಬಿತ್ತು. ಗೇಣುದ್ದದ ಬಟ್ಟೆಯ ಗೊಂಬೆಯೊಂದು ಮುಖ ಕೆಳಗಾಗಿ, ಅರ್ಧ ಮುಳುಗಿ ನೀರಿನಲ್ಲಿತ್ತು. ಅದಕ್ಕೆ ತೊಡಿಸಿದ್ದ ಬಟ್ಟೆ ನೀಲಿ, ಮೇಲೆ ಬಿಳಿ ಹೂವು. ಮಗಳು ದೀಪಿಕಾಳ ಹೋದ ವರ್ಷದ ಫ್ರಾಕಿನ ತುಂಡು!

"ಅತ್ತೀ! ಲಗೂನ ಬರ್ರಿ! ಅತ್ತೀ—"

ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದ ಅತ್ತೆ ಕಸ್ತೂರೆಮ್ಮ ಓಡಿ ಬಂದರು. ಹರವಿಯೊಳಗೆ ನೋಡಿದರು. ಬಾಯಿಗೆ ಸೆರಗು ಅಡ್ಡ ಹಿಡಿದು ಗೋಡೆಗೆ ಒರಗಿದರು. ರೇಣುಕಾ ಪಡಸಾಲೆಗೆ ಓಡಿ ಮಲಗಿದ್ದ ಮಗಳ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಉಸಿರಾಡುತ್ತಿದ್ದಳು. ಅಷ್ಟಾದ ಮೇಲೆಯೇ ರೇಣುಕಾಳಿಗೆ ಅಳು ಬಂದದ್ದು.

ಇನ್ನು ನಾಲ್ಕು ದಿನಕ್ಕೆ ಪ್ರವಾಸ. ಗಿಣಿಗೇರಾದ ಆ ಮನೆಯಿಂದ ರೇಣುಕಾ, ಅವಳ ಗಂಡ ಹನಮೇಶ, ಒಂಬತ್ತು ವರ್ಷದ ದೀಪಿಕಾ, ಮೂವರೂ ಕಾರವಾರದ ಕಡೆ ಹೊರಟಿದ್ದರು. ಅಲ್ಲಿ ದಂಡೆಯಿಂದ ಅರ್ಧ ತಾಸು ಬೋಟಿನಲ್ಲಿ ಹೋದರೆ ಸಣ್ಣದೊಂದು ನಡುಗಡ್ಡೆ. ಅದರ ಮೇಲೆ ಎರಡು ದೀಪಸ್ತಂಭ, ಒಂದು ಹಳೆಯದು, ಒಂದು ಹೊಸದು. ದೀಪಿಕಾ ಅದನ್ನು ಮೊಬೈಲಿನಲ್ಲಿ ಕಂಡು ಅಪ್ಪನ ಕೊರಳಿಗೆ ಜೋತುಬಿದ್ದಳು. ಹನಮೇಶ ಯೋಚಿಸದೆ "ಹೂಂ" ಅಂದುಬಿಟ್ಟ. ಯಾರಿಗೂ ಹೇಳಬೇಡ ಎಂದು ರೇಣುಕಾ ಹೇಳಿದ್ದಳು. ಆದರೆ ಆ ಹುಡುಗಿಗೆ ಗುಟ್ಟು ಎಂದರೆ ಓಣಿಯ ನಾಲ್ಕು ಮನೆ ಬಿಟ್ಟು ಉಳಿದವರಿಗೆಲ್ಲ ಹೇಳಬಹುದಾದ ಸುದ್ದಿ.

ಹೆದರಿಕೆ ಶುರುವಾದದ್ದು ಹೋದ ವಾರ. ದೀಪಿಕಾ ಎರಡು ದೀಪಸ್ತಂಭ, ಒಂದು ದೋಣಿ, ದೋಣಿಯಲ್ಲಿ ಮೂವರನ್ನು ಬರೆದು ಅಲಮಾರಿಗೆ ಅಂಟಿಸಿದ್ದಳು. ಒಂದು ಬೆಳಿಗ್ಗೆ ನೋಡಿದರೆ ಮೂವರಿಗೂ ತಲೆಯೇ ಇರಲಿಲ್ಲ! "ಇಲಿ ಕಡದಿರಬೇಕು ಬಿಡು" ಎಂದಿದ್ದ ಹನಮೇಶ. ಇಲಿ ಇಷ್ಟು ದುಂಡಗೆ ಕಡಿಯುತ್ತದೆಯೇ? ಆ ಪ್ರಶ್ನೆಯನ್ನು ರೇಣುಕಾ ನುಂಗಿಕೊಂಡಿದ್ದಳು. ಇವತ್ತು ಆ ಪ್ರಶ್ನೆ ಗೊಂಬೆಯಾಗಿ ನೀರಿನಲ್ಲಿ ತೇಲುತ್ತಿತ್ತು.

ಗಂಡನಿಗೆ ಫೋನ್ ಮಾಡಿದ ಮೇಲೆ ಅವಳು ಎದುರು ಮನೆಗೆ ಓಡಿದಳು. ಅಲ್ಲಿದ್ದವರು ಮೈಮುನಬಿ. ಗಂಗಾವತಿಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದು ನಿವೃತ್ತರಾದವರು. ನಿವೃತ್ತರಾಗಿ ಮೂರು ವರ್ಷವಾಗಿದ್ದರೂ ಓಣಿಯಲ್ಲಿ ಕೋಳಿ ಕಳೆದರೂ ತನಿಖೆ ಅವರದೇ.

ಮೈಮುನಬಿ ಬಾಯಲ್ಲಿದ್ದ ಎಲೆ ಉಗುಳಿ, ಅಡುಗೆಮನೆಗೆ ಬಂದು, ಎರಡು ಬೆರಳಿನಿಂದ ಗೊಂಬೆಯನ್ನು ಎತ್ತಿದರು. ಹಿಂದೆ ಮುಂದೆ ತಿರುಗಿಸಿದರು. ಅಂಗಾಲು ನೋಡಿದರು.

"ಇದೇನು ಕರೇದು?"

"ಹೊಲಸು ಹತ್ತಿರಬೇಕ್ರಿ ಅಮ್ಮಾ" ಎಂದಳು ರೇಣುಕಾ. "ಅದನ್ನ ಹೊರಗ ಒಗೀರಿ, ಕೈ ಮುಗೀತೀನಿ."

"ಒಗ್ಯಾಕ ಆಗೂದಿಲ್ಲ. ರಾತ್ರಿ ನೀರು ತುಂಬಿದಾಗ ಇದು ಇತ್ತೇನು?"

"ಇಲ್ರಿ. ಮಲಗೂ ಮುಂದ ನಾನ ತೊಳದು ತುಂಬೀನಿ. ತಾಟು ಮುಚ್ಚೀನಿ."

"ಬಾಗಲಾ?"

"ಎರಡೂ ಚಿಲಕ ಹಾಕಿತ್ತು. ಐದಕ್ಕ ಇವರು ಫಸ್ಟ್ ಶಿಫ್ಟಿಗೆ ಹೋದ್ರು. ಆಮ್ಯಾಲ ಅತ್ತಿ ಹಿತ್ತಲ ಬಾಗಲಾ ತಗದ್ರು."

ಮೈಮುನಬಿ ಕಸ್ತೂರೆಮ್ಮನ ಕಡೆ ತಿರುಗಿದರು. "ತಗದು ಎಲ್ಲಿ ಹೋದಿ?"

"ಮುಂದ, ಅಂಗಳಕ್ಕ ನೀರು ಹೊಡ್ಯಾಕ."

"ಆವಾಗ ಹಿತ್ತಲ ಕಡಿ ಯಾರೂ ಇರಲಿಲ್ಲ?"

ಕಸ್ತೂರೆಮ್ಮ ತಲೆ ಅಲ್ಲಾಡಿಸಿದರು. ಆ ಹೊತ್ತಿನಲ್ಲಿ ದೀಪಿಕಾ ಪಡಸಾಲೆಯಲ್ಲಿ ಒಬ್ಬಳೇ ಮಲಗಿದ್ದಳು. ಬಂದವರು ಅಡುಗೆಮನೆಗೆ ಹೋಗಲು ಅವಳ ಹಾಸಿಗೆಯನ್ನು ದಾಟಿಯೇ ಹೋಗಬೇಕು.

"ಈ ಪ್ರವಾಸ ನಿನಗ ಸೇರಿಲ್ಲ ಅಂತ ಓಣಿಗೆಲ್ಲ ಗೊತ್ತೈತಿ, ಕಸ್ತೂರೆಮ್ಮ."

"ಸೇರಿಲ್ಲ. ಮುಖದ ಮ್ಯಾಲ ಹೇಳೀನಿ, ಈಗೂ ಹೇಳತೀನಿ." ಮುದುಕಿ ಗೋಡೆ ಬಿಟ್ಟು ಮುಂದೆ ಬಂದರು. "ಹಿರೇ ಮಗನ್ನ ಹೊಳಿಗೆ ಕೊಟ್ಟಾಕಿ ನಾನು. ನೀರಂದ್ರ ನನಗ ಆಗೂದಿಲ್ಲ. ಆದ್ರ ಮೊಮ್ಮಗಳ ಗೊಂಬಿ ಮಾಡಿ ನೀರಾಗ ಹಾಕತೀನೇನ? ಈ ಕೈಗೆ ಹುಳ ಬೀಳಲಿ!"

ಆ ಕಥೆ ರೇಣುಕಾಳಿಗೆ ಗೊತ್ತು. ಹನಮೇಶನ ಅಣ್ಣ ಗವಿಸಿದ್ದೇಶ ಹದಿನಾಲ್ಕು ವರ್ಷದವನಿದ್ದಾಗ, ತಾಯಿಯ ತವರೂರಿನ ಹೊಳೆಯಲ್ಲಿ ಕಟ್ಟಿದ್ದ ಹರಿಗೋಲನ್ನು ಬಿಚ್ಚಿಕೊಂಡು ಒಬ್ಬನೇ ಹೋಗಿ ಮುಳುಗಿದ್ದ. ಇಪ್ಪತ್ತಮೂರು ವರ್ಷವಾದರೂ ಆ ಮನೆಯಲ್ಲಿ ಯಾರೂ ಅವನ ಹೆಸರೆತ್ತುತ್ತಿರಲಿಲ್ಲ.

ಅಷ್ಟರಲ್ಲಿ ಹನಮೇಶ ಬಂದ. ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ಹತ್ತು ವರ್ಷ ನಿಂತ ಗಟ್ಟಿ ಆಳು. ಗೊಂಬೆ ಕಂಡು ಬಾಗಿಲಲ್ಲೇ ನಿಂತ. ಕಾರ್ಖಾನೆಯ ಬೂಟನ್ನು ಕೂಡ ಬಿಚ್ಚಲಿಲ್ಲ.

"ಬೋಟು ಬ್ಯಾಡ, ಗೀಟು ಬ್ಯಾಡ" ಎಂದು ರೇಣುಕಾ ಅವನ ತೋಳು ಹಿಡಿದಳು. "ನನ್ನ ಮಗಳು ಉಳಿದ್ರ ಸಾಕು. ಟಿಕೆಟ್ ಕ್ಯಾನ್ಸಲ್ ಮಾಡಿಬಿಡ್ರಿ."

"ಆತು ಬಿಡು" ಎಂದ ಹನಮೇಶ. "ನಾಳೇನ ಕ್ಯಾನ್ಸಲ್ ಮಾಡತೀನಿ."

"ಅವಸರ ಮಾಡಬ್ಯಾಡ ಬೇಟಾ" ಎಂದರು ಮೈಮುನಬಿ. ಈಳಿಗೆಗೆ ಗೊಂಬೆಯ ಹೊಟ್ಟೆ ಕೊಟ್ಟು ಸೀಳಿದರು. ಒಳಗಿನಿಂದ ಕೆಂಪು, ಹಸಿರು, ಹಳದಿ ನೂಲಿನ ಉಂಡೆ ಹೊರಬಂತು. ಕಾರ್ಖಾನೆಯಲ್ಲಿ ಯಂತ್ರ ಒರೆಸಲು ಕೊಡುವ ನೂಲು. ಹೊಲಿಗೆಯೂ ದಾರದ್ದಲ್ಲ, ಸಣ್ಣ ತಂತಿಯದು.

"ಕಾರ್ಖಾನಿಯವರ ಕೆಲಸ. ಯಾರ ಜೋಡಿಯರ ಜಗಳ ಆಗಿತ್ತೇನು?"

ಹನಮೇಶ ಗೊಂಬೆಯಿಂದ ಮುಖ ತಿರುಗಿಸಿದ. ರೇಣುಕಾ ತಡೆದುಕೊಳ್ಳಲಿಲ್ಲ. "ಯಮನೂರ! ಹಿತ್ತಲ ಗ್ವಾಡಿ ಆಚೀ ಮನಿಯಾಂವ. ನಾದಿನಿ ಮದವಿ ಅಂತ ಅವನೂ ಅದ ದಿನಾನ ರಜಾ ಕೇಳಿದ್ದ. ಇವರಿಗೆ ಸಿಕ್ತು, ಅವಗ ಸಿಗಲಿಲ್ಲ. ಚಾದಂಗಡ್ಯಾಗ ಏನಂದಾನ ಗೊತ್ತೇನ್ರಿ? 'ಹೋಗು, ಅಲ್ಲೇ ಮುಳುಗು' ಅಂದಾನ!"

ಸೆಕೆಂಡ್ ಶಿಫ್ಟಿನ ಯಮನೂರ ಮನೆಯಲ್ಲೇ ಇದ್ದ. ಹಲ್ಲುಜ್ಜುತ್ತಿದ್ದವನು ಕರೆ ಬಂದೊಡನೆ ಬಂದ. ಗೊಂಬೆ ಕಂಡು ಎರಡು ಹೆಜ್ಜೆ ಹಿಂದೆ ಸರಿದ.

"ಮುಳುಗು ಅಂದಿದ್ದು ಖರೆ ಏನು?"

"ಸಿಟ್ಟಿನ್ಯಾಗ ಬಾಯಿ ಹೋತ್ರಿ ಅಮ್ಮಾರ. ಮರುದಿನ ನಾನ ಚಾ ಕುಡಿಸೀನಿ, ಕೇಳ್ರಿ ಅವನ್ನ."

"ಈ ನೂಲು ನಿಮ್ಮ ಕಡೇದು?"

"ಹೌದ್ರಿ. ಆದ್ರ ಇದು ಈ ಓಣ್ಯಾಗ ಇಪ್ಪತ್ತು ಮಂದಿ ಕಿಸೇದಾಗ ಇರತೈತಿ! ಮಾಟಾ ಗೀಟಾ ನನಗೂ ಅಂಜಿಕಿ ಅಮ್ಮಾರ. ನನಗೂ ಹೆಣ್ಮಕ್ಕಳದಾವು—"

"ಸುಳ್ಳ! ಗ್ವಾಡಿ ಹಾರಿ ಬಂದಿ ನೀನು!" ರೇಣುಕಾ ಚೀರಿದಳು. ಚೀರುತ್ತಲೇ ಪಡಸಾಲೆಯ ಕಡೆ ಕಣ್ಣು ಹೊರಳಿತು.

ಹಾಸಿಗೆ ಖಾಲಿ.

"ದೀಪಾ?"

ಉತ್ತರವಿಲ್ಲ. ಬಚ್ಚಲಲ್ಲಿಲ್ಲ. ಹಿತ್ತಲಲ್ಲಿಲ್ಲ. ಅಂಗಳದಲ್ಲಿ ಅರ್ಧ ಹಾಕಿದ ರಂಗೋಲಿ ಮಾತ್ರ. "ದೀಪಾ! ಏ ದೀಪಾ!" ರೇಣುಕಾ ಬೀದಿ ಬಾಗಿಲಿಗೆ ಓಡಿದಳು. ಹನಮೇಶ ಓಡಿದ್ದು ಮಾತ್ರ ಹಿತ್ತಲಿಗಲ್ಲ, ಬೀದಿಗಲ್ಲ, ನೆಟ್ಟಗೆ ನೀರಿನ ತೊಟ್ಟಿಗೆ. ಅಂಗಿಯ ಸಮೇತ ಎರಡೂ ಕೈ ತೊಟ್ಟಿಯ ತಳದವರೆಗೆ ಇಳಿಸಿ ತಡಕಾಡಿದ. ಮೈಮುನಬಿ ಅದನ್ನೂ ನೋಡಿದರು.

"ಇಲ್ಲಿ ಅದಾಳ ನೋಡ್ರಿ" ಎಂದರು ಅವರೇ ಕಡೆಗೆ.

ಒಳಕೋಣೆಯ ಮಂಚದ ಕೆಳಗಿನಿಂದ ಎರಡು ಪುಟ್ಟ ಕಾಲು ಕಾಣುತ್ತಿದ್ದವು. ದೊಡ್ಡವರ ಚೀರಾಟಕ್ಕೆ ಹೆದರಿ ಹುಡುಗಿ ಅಲ್ಲಿ ಸೇರಿಕೊಂಡಿದ್ದಳು. ರೇಣುಕಾ ಎಳೆದು ಎದೆಗವಚಿಕೊಂಡಳು. ಅಳುತ್ತ, ನಗುತ್ತ, ಅಭ್ಯಾಸದ ಬಲದಿಂದ ಮಗಳ ಬಲಗಾಲಿನ ಅಡಿಯನ್ನು ಸೆರಗಿನಿಂದ ತಿಕ್ಕಿದಳು. "ಬರಿಗಾಲಾಗ ತಿರಗಬ್ಯಾಡಂದ್ರ ಕೇಳೂದಿಲ್ಲ ಇಕಿ. ದಿನಾ ಇದನ್ನ ತಿಕ್ಕೂದ ಆತು ನನಗ."

"ನಾ ಎಲ್ಲೂ ತಿರಗಿಲ್ಲವ್ವಾ. ಈಗ ಎದ್ದೀನಿ" ಎಂದಳು ದೀಪಿಕಾ.

ಮೈಮುನಬಿ ಕುಕ್ಕರಗಾಲಲ್ಲಿ ಕುಳಿತು ಆ ಕಾಲು ಹಿಡಿದರು. ಹೆಬ್ಬೆರಳಿನ ಬುಡದಲ್ಲಿ ಕಡಲೆಕಾಳಿನಷ್ಟು ಕರಿ ಗುರುತು. ಮೂಸಿದರು. ಗೊಂಬೆಯ ಕಾಲು ತಂದು ಅದನ್ನೂ ಮೂಸಿದರು.

"ರೇಣುಕಾ, ಎಂದಿನಿಂದ ತಿಕ್ಕಾಕ ಹತ್ತಿ ಇದನ್ನ?"

"ಒಂದು ಹದಿನೈದು ದಿನ ಆತೇನ..."

"ಟಿಕೆಟ್ ಯಾವಾಗ ತಗಸಿದ್ರಿ?"

ರೇಣುಕಾ ಬೆರಳಲ್ಲಿ ದಿನ ಎಣಿಸಿದಳು. ಅದೂ ಹದಿನೈದು ದಿನದ ಹಿಂದೆ!

"ಯಮನೂರ, ನೀ ಮನಿಗೆ ಹೋಗಪಾ, ಹಲ್ಲು ತಿಕ್ಕೂದು ಅರ್ಧಾ ಉಳದೈತಿ" ಎಂದರು ಮೈಮುನಬಿ. ಅವನು ಬದುಕಿದೆನೆಂದು ಹೊರಟುಹೋದ. ಆಮೇಲೆ ಅವರು ಗೊಂಬೆಯನ್ನು ಎಲ್ಲರ ನಡುವೆ ಇಟ್ಟರು.

"ಕಾಲಿಗೆ ಕರೇ ಬೊಟ್ಟು ಯಾಕ ಇಡತಾರ, ಕಸ್ತೂರೆಮ್ಮ?"

"ಯಾರ ಕಣ್ಣೂ ಬೀಳಬಾರದಂತ. ಏನೂ ಕೆಟ್ಟದ್ದು ತಾಕಬಾರದಂತ."

"ಹಂಗಾರ ಹೇಳ್ರಿ. ಮಾಟಾ ಮಾಡಾಕ ಬಂದಾಂವ ಗೊಂಬಿಗೆ ದೃಷ್ಟಿ ಬೊಟ್ಟು ಇಟ್ಟು ಹೋಗತಾನೇನು?"

ಮೈಮುನಬಿ ಗೊಂಬೆಯ ಅಂಗಾಲನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದರು.

"ಇದನ್ನ ಮಾಡಿದಾಂವಗ ಈ ಕೂಸಿನ ಮ್ಯಾಲ ಜೀವ. ಹೆದರಸಾಕ ಗೊಂಬಿ ಮಾಡಿದ. ನೀರಾಗ ಹಾಕಬೇಕಾದ್ರ ಕೈ ಬರಲಿಲ್ಲ. ಬೊಟ್ಟಿಟ್ಟು ಹಾಕಿದ. ಕಸ್ತೂರೆಮ್ಮ ಆಗಿದ್ರ ಕಾಡಿಗಿ ಇರತಿತ್ತು, ಗಲ್ಲದ ಮ್ಯಾಲ ಇರತಿತ್ತು. ಇದು ಯಂತ್ರದ ಗ್ರೀಸು, ಅದಕ್ಕ ನೀರಾಗೂ ಹೋಗಿಲ್ಲ. ಗಲ್ಲಕ್ಕ ಹಚ್ಚಿದ್ರ ಕೂಸು ಏಳತೈತಿ, ಅವ್ವ ಕೇಳತಾಳ. ಅಂಗಾಲಾದ್ರ ಯಾರಿಗೂ ಕಾಣೂದಿಲ್ಲ. ಐದಕ್ಕ ಎದ್ದು, ಎಲ್ಲಾರೂ ಮಲಗಿದಾಗ, ದಿನಾ ಹಚ್ಚಿ ಹೋಗಾಂವ ಯಾರು? ಮಗಳು ಕಾಣಲಿಲ್ಲ ಅಂದ್ರ ಓಣಿ ಬಿಟ್ಟು ತೊಟ್ಟಿ ತಡಕಾಡಾಂವ ಯಾರು? ಹನಮೇಶ, ಕಾರ್ಖಾನಿ ಗುರುತಿನ ಚೀಟಿ ತಗೀ. ತೊಟ್ಟಿಗೆ ಬಗ್ಗಿದಾಗ ಅದರ ಹಿಂದ ಏನೋ ಕಾಗದ ಕಂಡೈತಿ."

ಹನಮೇಶ ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ತೆಗೆದು ಕೊಟ್ಟ. ಪ್ಲಾಸ್ಟಿಕ್ ಚೀಲದೊಳಗೆ, ಚೀಟಿಯ ಹಿಂದೆ, ದುಂಡಗೆ ಕತ್ತರಿಸಿದ ಮೂರು ಕಾಗದದ ತಲೆಗಳಿದ್ದವು. ಒಂದಕ್ಕೂ ಮಡಿಕೆ ಬಿದ್ದಿರಲಿಲ್ಲ.

ರೇಣುಕಾಳಿಗೆ ಸಿಟ್ಟು ನೆತ್ತಿಗೇರಿತು. "ನೀವಾ? ಜೀವ ಕೈಯಾಗ ಹಿಡಕೊಂಡು ಕುಂತೀನ್ರೀ ನಾನು! ಬ್ಯಾಡ ಅಂತ ಒಂದು ಮಾತು ಹೇಳಿದ್ರ ಆಗತಿರಲಿಲ್ಲೇನು?"

"ಹೆಂಗ ಹೇಳಲಿ?" ಹನಮೇಶ ನೆಲ ನೋಡುತ್ತ ಹೇಳಿದ. "ನಮ್ಮ ಪಪ್ಪಾ ಯಾವುದಕ್ಕೂ ಅಂಜೂದಿಲ್ಲ ಅಂತ ಓಣಿ ತುಂಬ ಹೇಳತಾಳ ಇಕಿ. ನೀನ ಬ್ಯಾಡ ಅಂದ್ರ ಮುಗೀತು ಅಂದಕೊಂಡೆ. ಅಂಜಿಕಿ ಹೇಳಬೇಕಂದ್ರ... ಅಣ್ಣನ ಸುದ್ದಿ ಹೇಳಬೇಕಿತ್ತು."

ಕಸ್ತೂರೆಮ್ಮ ತಲೆ ಎತ್ತಿದರು.

"ಯವ್ವಾ, ಅವತ್ತ ಅಂವ ಒಬ್ಬನ ಹೋಗಿರಲಿಲ್ಲ. ಹರಗೋಲು ಹತ್ತೂಣು ಅಂತ ಹಟಾ ಮಾಡಿದಾಂವ ನಾನು. ನಡು ಹೊಳ್ಯಾಗ ಮಗಚಿತು. ನಾ ಒಂದು ಕಲ್ಲಬಂಡಿ ಹಿಡಕೊಂಡೆ, ಅಣ್ಣನ ಕೈನೂ ಹಿಡದಿದ್ದೆ. ಕೈ ಸೋತು... ಬಿಟ್ಟೆ ಯವ್ವಾ. ಬಿಟ್ಟು, ಮನಿಗೆ ಬಂದು, ನಾ ಗೋಲಿ ಆಡತಿದ್ದೆ ಅಂತ ಹೇಳಿದೆ."

ಹನ್ನೆರಡು ವರ್ಷದ ಹುಡುಗ ಹೇಳಿದ ಸುಳ್ಳು ಇಪ್ಪತ್ತಮೂರು ವರ್ಷ ಈ ಮನೆಯಲ್ಲಿ ಉಂಡುಟ್ಟು ಬೆಳೆದಿತ್ತು. ರೇಣುಕಾಳ ಸಿಟ್ಟು ಎತ್ತ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಈಗ ಅವಳಿಗೆ ಹೆದರಿಕೆಯಿದ್ದದ್ದು ಅತ್ತೆಯ ಬಾಯಿಂದ ಬರಲಿರುವ ಮಾತಿನದು.

ಕಸ್ತೂರೆಮ್ಮ ಎದ್ದು ದೇವರ ಕೋಣೆಗೆ ಹೋದರು. ತುಂಬ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಕಾಡಿಗೆಯ ಡಬ್ಬಿಯಿತ್ತು.

"ಟಿಕೆಟ್ ಕ್ಯಾನ್ಸಲ್ ಮಾಡಬ್ಯಾಡ" ಎಂದರು. "ನಂದೂ ಒಂದು ಮಾಡಸು. ತಾಯಿ ಮಗಳು ಬೋಟಿನ್ಯಾಗ ಹೋಗಿ ದೀಪಾ ನೋಡಿ ಬರ್ಲಿ. ನೀ ಅಂಜಿದ್ರ ದಂಡಿ ಮ್ಯಾಲ ಕುಂದ್ರು. ನಾ ಜೋಡಿ ಕುಂದರತೀನಿ."

ಆಮೇಲೆ ಮಗನ ಮುಂದೆ ನೆಲಕ್ಕೆ ಕುಳಿತು, ಅವನ ಕಾರ್ಖಾನೆಯ ಬೂಟಿನ ಲಾಡಿಗೆ ಕೈ ಹಾಕಿದರು.

"ಕಾಲು ಮುಂದ ಮಾಡೋ. ಅವತ್ತ ಇಬ್ಬರಿಗೂ ಹಚ್ಚಿ ಕಳಸಬೇಕಿತ್ತು ನಾನು."